ಕಾದಿಟ್ಟ ವಿದ್ಯುತ್ತಿಗೆ ಬೆಲೆ ಕಟ್ಟುವುದು ಹೇಗೆ?

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಂದ ನಾವು ತಪ್ಪದೆ ಮಾಡಿಸುವ ಪ್ರಯೋಗಗಳಲ್ಲಿ ಸೋನೋಮೀಟರಿನದು ಒಂದು. ಉದ್ದನೆಯ ಮರದ ಪೆಟ್ಟಿಗೆಯ ಮೇಲೆ ಹಿತ್ತಾಳೆಯ ತಂತಿಯೊಂದನ್ನು ಹಾಯಿಸಿ, ಅದರ ತುದಿಗೆ ತೂಕ ಕಟ್ಟಿ ಬಿಗಿಗೊಳಿಸಿ, ಅಯಸ್ಕಾಂತದ ಎರಡು ಧ್ರುವಗಳ ನಡುವೆ ಬರುವಂತಿಟ್ಟು, ಮನೆಮನೆಗೆ ಬರುವ ಪರ್ಯಾಯ ವಿದ್ಯುತ್ತನ್ನೇ ವೋಲ್ಟೇಜು ತಗ್ಗಿಸಿ ಆ ತಂತಿಯಲ್ಲಿ ಹರಿಸುತ್ತೇವೆ. ತಂತಿಯ ಕೆಳಗಿನ ಕುದುರೆಗಳನ್ನು ಸರಿಸುತ್ತ ಹೋದಂತೆ, ಒಂದು ನಿರ್ದಿಷ್ಟ ಉದ್ದದಲ್ಲಿ ತಂತಿಯು ಜೋರಾಗಿ ಕಂಪಿಸತೊಡಗಿ, ಅದರ ಮೇಲೆ ಕೂರಿಸಿದ ಕಾಗದದ ಚೂರು ಹಾರಿ ಬೀಳುತ್ತದೆ. ಆ ಉದ್ದ, ತಂತಿಯ ತೂಕ ಮತ್ತು ಬಿಗಿತಗಳಿಂದ ಲೆಕ್ಕ ಹಾಕಿದರೆ ವಿದ್ಯುತ್ಪ್ರವಾಹವು ಸೆಕೆಂಡಿಗೆ ಎಷ್ಟು ಸಲ ಅತ್ತಿಂದಿತ್ತ ಹೋಗಿ ಬರುತ್ತದೆ, ಎಂದರೆ ಅದರ ಆವೃತ್ತಿ ಎಷ್ಟು, ಎಂಬುದು ದೊರೆಯುತ್ತದೆ. ಉತ್ತರ 50 ಹರ್ಟ್ಸ್ ಬರಬೇಕು. 48 ಬಂದರೆ ಅಳತೆಯನ್ನು ‘ತಿದ್ದಿ’ 50 ಮಾಡಿಕೊಂಡು ಬರುವ ಜಾಣರೂ ಉಂಟು.

ಕೆಲವು ವರ್ಷಗಳ ಹಿಂದೆ ನಿವೃತ್ತರಾದ ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ಒಮ್ಮೆ ನಕ್ಕು ಹೇಳಿದರು: “ತೊಂಬತ್ತರ ದಶಕದಲ್ಲಿ ಉತ್ತರ ತಪ್ಪೆಂದು ನಾವು ಗದರಿಸಿದ ಹುಡುಗರಲ್ಲಿ ಎಷ್ಟೋ ಮಂದಿ ಸರಿಯಾಗಿಯೇ ಅಳೆದಿದ್ದರೋ ಏನೋ! ತಪ್ಪಿದ್ದುದು ಅವರ ತಂತಿಯಲ್ಲಲ್ಲ, ಗ್ರಿಡ್ಡಿನಲ್ಲಿ.” ಮಾತು ಹಾಸ್ಯದ್ದಾದರೂ ಸುಳ್ಳಲ್ಲ. 2002ಕ್ಕೆ ಮುಂಚೆ ನಮ್ಮ ದೇಶದ ವಿದ್ಯುಜ್ಜಾಲಗಳಲ್ಲಿ ಆವೃತ್ತಿಯು 48ರಿಂದ 52 ಹರ್ಟ್ಸಿನವರೆಗೂ ಓಲಾಡುತ್ತಿದ್ದಿತು. ಇಂದು ಅದನ್ನು 49.90 ಮತ್ತು 50.05ರ ನಡುವೆ ಇರಿಸಬೇಕೆಂಬುದು ನಿಯಮ. ಈ ಬದಲಾವಣೆ ಹೇಗಾಯಿತು, ಇದಕ್ಕಾಗಿ ಯಾರು ಯಾರಿಗೆ ಏನು ತೆರಬೇಕು, ತೆರದಿದ್ದರೆ ಆಗುವುದೇನು ಎಂಬುದನ್ನು ಇಲ್ಲಿ ನೋಡೋಣ.

ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯಬಹುದು. ವಿದ್ಯುತ್ತಿನ ವಿಷಯ ಹಾಗಲ್ಲ. ತಂತಿಗಳಲ್ಲಿ ಅದನ್ನು ಕೂಡಿಡುವ ಜಾಗವೇ ಇಲ್ಲ. ಒಂದು ಕ್ಷಣದಲ್ಲಿ ದೇಶದ ದೀಪ, ಪಂಪು, ರೈಲು, ಕಾರ್ಖಾನೆಗಳೆಲ್ಲ ಎಷ್ಟು ಶಕ್ತಿಯನ್ನು ಎಳೆಯುತ್ತವೆಯೋ ಅಷ್ಟನ್ನೇ ಅದೇ ಕ್ಷಣದಲ್ಲಿ ಉತ್ಪಾದನಾ ಕೇಂದ್ರಗಳು ಕೊಡಬೇಕು. ಕೊಡುವುದು ಕಡಮೆಯಾದರೆ ತಿರುಗುತ್ತಿರುವ ಯಂತ್ರಗಳು ನಿಧಾನವಾಗಿ ಆವೃತ್ತಿ ಇಳಿಯುತ್ತದೆ. ಹೆಚ್ಚಾದರೆ ಯಂತ್ರಗಳು ವೇಗಗೊಂಡು ಏರುತ್ತದೆ. ಆದುದರಿಂದ ಆವೃತ್ತಿಯೆಂಬುದು ತಕ್ಕಡಿಯ ಮುಳ್ಳಿನಂತೆ. ಜಾಲಕ್ಕೆ ಸೇರಿದ ಯಾವ ಊರಿನ ಯಾವ ಗೋಡೆಯ ಪ್ಲಗ್ಗಿನಲ್ಲಿ ಅಳೆದರೂ ಆ ಮುಳ್ಳು ಹೆಚ್ಚು ಕಡಮೆ ಒಂದೇ ಸ್ಥಾನವನ್ನು ತೋರಿಸುತ್ತದೆ.

ದೊಡ್ಡ ಕೇಂದ್ರವೊಂದು ಹಠಾತ್ತನೆ ಕಳಚಿಕೊಂಡಿತೆನ್ನಿ. ಮೊದಲ ಕ್ಷಣಗಳಲ್ಲಿ ಜಾಲವನ್ನು ಎತ್ತಿ ಹಿಡಿಯುವುದು ನ್ಯೂಟನ್ನನ ಮೊದಲನೆಯ ನಿಯಮ! ಉಷ್ಣ ಸ್ಥಾವರದ ಟರ್ಬೈನು ಮತ್ತು ಜನರೇಟರುಗಳು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುತ್ತವೆ. ಆ ಭಾರಿ ಉಕ್ಕಿನ ರಾಶಿಯಲ್ಲಿ ಅಡಗಿರುವ ಚಲನಶಕ್ತಿಯು, ಆ ಘಟಕ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಮೂರು ನಾಲ್ಕು ಸೆಕೆಂಡು ಕೊಡುವಷ್ಟು ಇರುತ್ತದೆ. ಲೆಕ್ಕಕ್ಕಾಗಿ, ಎರಡು ಲಕ್ಷ ಮೆಗಾವಾಟಿನಷ್ಟು ಯಂತ್ರಗಳು ತಿರುಗುತ್ತಿವೆ, ಪ್ರತಿಯೊಂದರಲ್ಲಿಯೂ ನಾಲ್ಕು ಸೆಕೆಂಡಿನ ಶಕ್ತಿಯಿದೆ ಎಂದಿಟ್ಟುಕೊಳ್ಳೋಣ. ಇದರಲ್ಲಿ 4,500 ಮೆಗಾವಾಟ್ ಒಮ್ಮೆಲೇ ಇಲ್ಲವಾದರೆ ಆವೃತ್ತಿಯು ಸೆಕೆಂಡಿಗೆ ಸುಮಾರು 0.14 ಹರ್ಟ್ಸಿನಂತೆ ಇಳಿಯುತ್ತದೆ. ಯಾರೂ ಏನೂ ಮಾಡದಿದ್ದರೆ ಏಳು ಸೆಕೆಂಡಿನಲ್ಲಿ 50 ಹೋಗಿ 49 ಆಗುತ್ತದೆ. ದೂರವಾಣಿಯನ್ನೆತ್ತಿ ಇನ್ನೊಂದು ಕೇಂದ್ರಕ್ಕೆ ಹೇಳಿ ಕಳುಹಿಸುವಷ್ಟು ಹೊತ್ತಂತೂ ಇಲ್ಲ.

ಇಲ್ಲಿ ನೆರವಿಗೆ ಬರುವುದು ಪ್ರತಿ ಯಂತ್ರದಲ್ಲಿಯೂ ಇರುವ ಗವರ್ನರ್ ಎಂಬ ವೇಗನಿಯಂತ್ರಕ. ವೇಗ ಇಳಿದುದನ್ನು ಅದು ತಾನಾಗಿಯೇ ಅರಿತು ಉಗಿಯ ಅಥವಾ ನೀರಿನ ಕವಾಟವನ್ನು ಇನ್ನಷ್ಟು ತೆರೆಯುತ್ತದೆ. ಸಾಮಾನ್ಯವಾದೊಂದು ಹೊಂದಾಣಿಕೆಯಲ್ಲಿ, ಆವೃತ್ತಿ 0.1 ಹರ್ಟ್ಸ್ ಇಳಿದರೆ 500 ಮೆಗಾವಾಟಿನ ಘಟಕವು 20 ಮೆಗಾವಾಟ್ ಹೆಚ್ಚಿಗೆ ಕೊಡುತ್ತದೆ. ಇದು ಮೊದಲನೆಯ ದರ್ಜೆಯ ಮೀಸಲು. ಆದರೆ ಇದು ಬೀಳುವುದನ್ನು ತಡೆಯುತ್ತದೆಯೇ ಹೊರತು ಬಿದ್ದುದನ್ನು ಮೊದಲಿನ ಎತ್ತರಕ್ಕೆ ಏರಿಸಲಾರದು. ಅದಕ್ಕೆ ಎರಡನೆಯ ದರ್ಜೆ ಬೇಕು: ನಿಯಂತ್ರಣ ಕೇಂದ್ರದ ಗಣಕಯಂತ್ರವು ಆಯ್ದ ಸ್ಥಾವರಗಳಿಗೆ ಪ್ರತಿ ನಾಲ್ಕು ಸೆಕೆಂಡಿಗೊಮ್ಮೆ ಸಂಕೇತ ಕಳುಹಿಸಿ ಏರು, ಇಳಿ ಎಂದು ನಡೆಸುತ್ತದೆ. ಈ ಸ್ಥಾವರಗಳು ತಮ್ಮ ಮೀಸಲನ್ನು ಖರ್ಚು ಮಾಡಿ ಬರಿದಾಗುವುದರೊಳಗೆ ಮೂರನೆಯ ದರ್ಜೆಯವು ಬಂದು ಭಾರ ಹೊತ್ತು, ಅವನ್ನು ಮತ್ತೊಂದು ಆಪತ್ತಿಗೆ ಸಿದ್ಧಗೊಳಿಸಬೇಕು.

ಈಗ ಮುಖ್ಯವಾದ ತೊಡಕಿಗೆ ಬರೋಣ. ಕವಾಟವು ಈಗಾಗಲೇ ಪೂರ್ತಿ ತೆರೆದಿದ್ದರೆ ಗವರ್ನರ್ ಇನ್ನೇನನ್ನು ತೆರೆದೀತು? ಮೀಸಲು ಎಂಬುದು ಎಲ್ಲಿಯೋ ಕೂಡಿಟ್ಟ ವಿದ್ಯುತ್ತಲ್ಲ. ಕೊಡಬಹುದಾಗಿದ್ದರೂ ಕೊಡದೆ ಉಳಿಸಿಕೊಂಡ ಸಾಮರ್ಥ್ಯ. 500 ಮೆಗಾವಾಟ್ ಕೊಡಬಲ್ಲ ಯಂತ್ರ 450ರಲ್ಲಿ ನಿಲ್ಲಬೇಕು. ಯೂನಿಟ್ಟಿಗಿಷ್ಟು ಎಂದು ಮಾರಿ ಬದುಕುವ ಕಂಪೆನಿಯು ಆ 50 ಮೆಗಾವಾಟಿನ ಸಂಪಾದನೆಯನ್ನು ಏತಕ್ಕೆ ಬಿಟ್ಟುಕೊಟ್ಟೀತು? ವಿದ್ಯುತ್ತಿಗೆ ಬೇಡಿಕೆ ಹೆಚ್ಚಿದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಎಲ್ಲರೂ ಉಳಿದುದನ್ನೆಲ್ಲ ಮಾರಲು ಮುಂದಾಗುತ್ತಾರೆ. ಮೀಸಲು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ಮಾರಾಟವಾಗಿ ಹೋಗಿರುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬನ್ನು ಕಾಯುವ ನೀರಗಂಟಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರಷ್ಟೆ. ಅವನು ಎಷ್ಟು ಕೊಳಗ ನೀರು ಹರಿಸಿದನೆಂದು ಅಳೆದು ಯಾರೂ ಕೊಡುತ್ತಿರಲಿಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ ತೂಬಿನ ಬಳಿ ಇರುತ್ತಾನೆಂಬ ಭರವಸೆಗಾಗಿ ಕೊಡುತ್ತಿದ್ದರು. ಮೀಸಲು ಸೇವೆಯ ಮಾರುಕಟ್ಟೆಯೆಂದರೆ ಇಂತಹ ಆಯವನ್ನು ಗೊತ್ತುಪಡಿಸುವ ವಿದ್ಯೆ.

ನಮ್ಮ ದೇಶವು ಮೊದಲು ಹಿಡಿದ ದಾರಿ ಬೇರೆ. 2002–03ರಲ್ಲಿ ಒಂದೊಂದಾಗಿ ಎಲ್ಲ ಪ್ರದೇಶಗಳಲ್ಲಿ, ದಕ್ಷಿಣದಲ್ಲಿ 2003ರ ಜನವರಿಯಲ್ಲಿ, ಹೊಸ ದರಪದ್ಧತಿಯೊಂದು ಜಾರಿಗೆ ಬಂದಿತು. ಇದರ ಹಿಂದಿದ್ದ ಮುಖ್ಯ ಎಂಜಿನಿಯರರು ಭಾನು ಭೂಷಣ್. ಗೊತ್ತಾದ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ಒಂದು ರಾಜ್ಯ ಎಳೆದುಕೊಂಡರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಆ ಹೊತ್ತಿನ ಆವೃತ್ತಿಯೇ ನಿರ್ಧರಿಸುತ್ತಿದ್ದಿತು. 50.5 ಹರ್ಟ್ಸಿನಲ್ಲಿ ಬೆಲೆ ಸೊನ್ನೆ. ಆವೃತ್ತಿ ಇಳಿದಂತೆ ಬೆಲೆ ಏರಿಕೆ. ಎಷ್ಟು ಸರಳ, ಎಷ್ಟು ಚೆಲುವಾದ ಯೋಜನೆ! ಗೋಡೆಯ ಪ್ಲಗ್ಗಿನಲ್ಲಿಯೇ ಬೆಲೆಪಟ್ಟಿ ತೂಗುಹಾಕಿದಂತಾಯಿತು. ಭೌತಶಾಸ್ತ್ರದವರಾದ ನಮಗೆ ಇದರ ಮೇಲೆ ಸ್ವಲ್ಪ ಪಕ್ಷಪಾತವಿರುವುದನ್ನು ಒಪ್ಪಿಕೊಳ್ಳುತ್ತೇವೆ. ಕೆಲವೇ ತಿಂಗಳುಗಳಲ್ಲಿ ಆವೃತ್ತಿಯ ಓಲಾಟ ಎದ್ದು ಕಾಣುವಂತೆ ತಗ್ಗಿತು.

ಆದರೆ ಇದರಲ್ಲೊಂದು ಕೊರತೆಯಿದ್ದಿತು. ಬೆಲೆಗೆ ಓಗೊಡುವುದು ಅವರವರ ಇಚ್ಛೆ. ಇಷ್ಟು ಮೆಗಾವಾಟನ್ನು ಕೈಬಿಡದೆ ಹಿಡಿದಿರಬೇಕೆಂಬ ಹೊಣೆ ಯಾರ ಮೇಲೂ ಇರಲಿಲ್ಲ. ದುಬಾರಿಯಾದರೂ ಸರಿ, ಬೇಕಾದಷ್ಟು ಎಳೆದು ಆಮೇಲೆ ಹಣ ತೆತ್ತರಾಯಿತು ಎಂದು ಒಂದು ರಾಜ್ಯ ನಿಶ್ಚಯಿಸಿದರೆ ಜಾಲವನ್ನು ಕಾಯುವುದು ಯಾವುದು? ಉತ್ತರ ವಾಚಕರಿಗೆ ಚೆನ್ನಾಗಿ ಗೊತ್ತು: ಲೋಡ್ ಶೆಡ್ಡಿಂಗ್. ನಮ್ಮಲ್ಲಿ ಮೀಸಲು ಎಂದೂ ಇರಲಿಲ್ಲವೆನ್ನುವುದು ತಪ್ಪು. ಇದ್ದಿತು, ಅದನ್ನು ಒದಗಿಸುತ್ತಿದ್ದವರು ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ಗದ್ದೆಗೆ ನೀರು ಹಾಯಿಸುತ್ತಿದ್ದ ರೈತ, ಹಿಟ್ಟಿನ ಗಿರಣಿಯವನು. ಈ ಸೇವೆಗಾಗಿ ಅವರಿಗೆ ಯಾರೂ ಬಿಡಿಗಾಸು ಕೊಡಲಿಲ್ಲ. ಆದಕಾರಣ ಅದರ ವೆಚ್ಚ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸಲಿಲ್ಲ.

2012ರ ಜುಲೈ 30ರಂದು ನಸುಕಿನ 2 ಗಂಟೆ 33 ನಿಮಿಷಕ್ಕೆ, ಪಶ್ಚಿಮದಿಂದ ಉತ್ತರಕ್ಕೆ ವಿದ್ಯುತ್ ಒಯ್ಯುತ್ತಿದ್ದ ಬೀನಾ–ಗ್ವಾಲಿಯರ್ ಮಾರ್ಗ ಕಳಚಿಕೊಂಡಿತು. ಹಲವು ಮಾರ್ಗಗಳು ಆಗ ದುರಸ್ತಿಗಾಗಿ ಮುಚ್ಚಿದ್ದವು. ಉತ್ತರದ ರಾಜ್ಯಗಳು ಪಾಲಿಗಿಂತ ಮಿಗಿಲಾಗಿ ಎಳೆಯುತ್ತಿದ್ದವು. ಉತ್ತರದ ಜಾಲವೆಲ್ಲ ಕತ್ತಲಾಯಿತು. ಹೇಗೋ ಎಬ್ಬಿಸಿ ನಿಲ್ಲಿಸಿದರೆ ಮರುದಿನ ಮಧ್ಯಾಹ್ನ 1 ಗಂಟೆಗೆ ಮತ್ತೆ ಬಿದ್ದಿತು. ಈ ಸಲ ಪೂರ್ವ ಮತ್ತು ಈಶಾನ್ಯದ ಜಾಲಗಳನ್ನೂ ಜೊತೆಗೆಳೆದುಕೊಂಡಿತು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ. ರೈಲುಗಳು ನಡುದಾರಿಯಲ್ಲಿ ನಿಂತವು, ದೆಹಲಿಯ ಮೆಟ್ರೋ ನಿಂತಿತು, ಪಶ್ಚಿಮ ಬಂಗಾಳದ ಕಲ್ಲಿದ್ದಲ ಗಣಿಗಳಲ್ಲಿ ಕೆಲಸಗಾರರು ಗಂಟೆಗಟ್ಟಲೆ ನೆಲದೊಳಗೆ ಸಿಕ್ಕಿಕೊಂಡಿದ್ದು ಬಳಿಕ ಪಾರಾದರು.

ದಕ್ಷಿಣ ಭಾರತದ ಜಾಲ ಆಗ ಪ್ರತ್ಯೇಕವಾಗಿದ್ದಿತು. ಅದಕ್ಕೂ ಉಳಿದ ದೇಶಕ್ಕೂ ಏಕಮುಖ ವಿದ್ಯುತ್ತಿನ ಸಂಪರ್ಕ ಮಾತ್ರ. ಅಂಥದೊಂದು ಮಾರ್ಗ ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುತ್ತದೆ. ಜುಲೈ 31ರಂದು ಆ ಮಾರ್ಗದಿಂದ ಬರುವ ವಿದ್ಯುತ್ತು ತಪ್ಪಿದೊಡನೆ ದಕ್ಷಿಣದ ಆವೃತ್ತಿಯು 49ಕ್ಕಿಂತ ಕೆಳಗಿಳಿಯಿತು. ಆವೃತ್ತಿ ಇಳಿದಾಗ ತಾವಾಗಿಯೇ ಫೀಡರುಗಳನ್ನು ಕತ್ತರಿಸುವ ರಿಲೇಗಳು ಕೆಲಸ ಮಾಡಿದುದರಿಂದ ಜಾಲ ಬದುಕಿಕೊಂಡಿತು. ಎಂದರೆ ಕೆಲವರ ಮನೆಗಳನ್ನು ಕತ್ತಲಾಗಿಸಿ ಉಳಿದವರನ್ನು ಉಳಿಸಿತು. ಕೊನೆಯ ಗಳಿಗೆಯ ಉಪಾಯವಾಗಿ ಇದು ಇರಲೇಬೇಕು. ಆದರೆ ಮೊದಲನೆಯ ಉಪಾಯವೂ ಇದೇ ಆಗಬಾರದು.

ವಿಚಾರಣಾ ಸಮಿತಿಯ ವರದಿ ಅದೇ ಆಗಸ್ಟಿನಲ್ಲಿ ಬಂದಿತು. ಬೆಲೆಯ ಮೂಲಕ ಆವೃತ್ತಿಯನ್ನು ಕಾಯುವ ಪದ್ಧತಿಯನ್ನು ಕ್ರಮೇಣ ಕೈಬಿಟ್ಟು, ಮೀಸಲು ಸಾಮರ್ಥ್ಯ ಮತ್ತು ಪೂರಕ ಸೇವೆಗಳಿಂದ ಅದನ್ನು ಕಾಯಬೇಕೆಂಬುದು ಅದರ ಸಲಹೆಗಳಲ್ಲೊಂದು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ಸೇರಿ ಇಡೀ ದೇಶ ಒಂದೇ ಆವೃತ್ತಿಯ ಜಾಲವಾದ ಮೇಲೆ ಇದರ ಅಗತ್ಯ ಮತ್ತಷ್ಟು ಹೆಚ್ಚಿತು. ದೊಡ್ಡ ಜಾಲದಲ್ಲಿ ಒಬ್ಬರ ಕೊರತೆಯನ್ನು ಎಲ್ಲರೂ ಹೊರಬಹುದು. ಒಬ್ಬರ ತಪ್ಪೂ ಎಲ್ಲರಿಗೆ ತಟ್ಟಬಹುದು.

ಮೊದಲನೆಯ ಏರ್ಪಾಡು 2016ರ ಏಪ್ರಿಲಿನಲ್ಲಿ ಆರಂಭವಾಯಿತು. ಅಂತರರಾಜ್ಯ ಉತ್ಪಾದನಾ ಕೇಂದ್ರಗಳಲ್ಲಿ ಯಾವ ರಾಜ್ಯವೂ ಬೇಡದೆ ಉಳಿದ ಸಾಮರ್ಥ್ಯವನ್ನು ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರವು ಮೀಸಲಿನಂತೆ ಬಳಸಬಹುದಾಯಿತು. ಏರಿಸಿ ಕೊಟ್ಟ ಕೇಂದ್ರಕ್ಕೆ ಅದರ ಖರ್ಚಿನ ಮೇಲೆ ಯೂನಿಟ್ಟಿಗೆ 50 ಪೈಸೆ ಹೆಚ್ಚಿಗೆ. ಹೆಜ್ಜೆ ಒಳ್ಳೆಯದೇ. ಆದರೆ ಇದು ಉಂಡು ಮಿಕ್ಕುದನ್ನು ನೆಂಟರಿಗೆಂದು ತೆಗೆದಿರಿಸಿದಂತೆ. ಹೊಟ್ಟೆ ತುಂಬಿದ ದಿನ ಮಿಕ್ಕುತ್ತದೆ. ಬರದ ದಿನ ಪಾತ್ರೆಯ ತಳ ಕಾಣುತ್ತದೆ. ನೆಂಟರು ಬರುವುದು ಯಾವ ದಿನವೆಂದು ಹೇಳಬೇಕೆ?

ಕೇಂದ್ರೀಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2022ರ ನಿಯಮಗಳು ಈ ಕೊರತೆಯನ್ನು ನೀಗಿಸಲು ಹೊರಟವು. ಸೇವೆಯನ್ನು ಅವು ವೇಗದಿಂದ ಮತ್ತು ಬಾಳಿಕೆಯಿಂದ ವರ್ಣಿಸುತ್ತವೆ. ಇದು ಬಹಳ ಸರಿಯಾದ ಕ್ರಮವೆಂದು ನಮಗೆ ತೋರುತ್ತದೆ. ಎರಡನೆಯ ದರ್ಜೆಯ ಸೇವಕನು ಸಂಕೇತ ಮುಟ್ಟಿದ 30 ಸೆಕೆಂಡಿನೊಳಗೆ ಅಲುಗಾಡಬೇಕು, 15 ನಿಮಿಷದೊಳಗೆ ಒಪ್ಪಿದಷ್ಟನ್ನೂ ಕೊಡಬೇಕು, ಮುಂದಿನ 30 ನಿಮಿಷವಾದರೂ ತಾಳಬೇಕು. ಮೂರನೆಯ ದರ್ಜೆಯವನು 15 ನಿಮಿಷದಲ್ಲಿ ಬಂದು ಒಂದು ಗಂಟೆ ನಿಲ್ಲಬೇಕು. ಕಲ್ಲಿದ್ದಲೋ, ನೀರೋ, ಬ್ಯಾಟರಿಯೋ, ಬೇಡಿಕೆಯನ್ನೇ ತಗ್ಗಿಸಿಕೊಳ್ಳಬಲ್ಲ ಬಳಕೆದಾರನೋ ಎಂಬ ಭೇದವಿಲ್ಲ, ಮಾಡಬಲ್ಲವರೆಲ್ಲ ಬರಬಹುದು. ಎರಡನೆಯ ದರ್ಜೆಗೆ ಕೊಡುವ ಪ್ರೋತ್ಸಾಹಧನವು ಸಂಕೇತವನ್ನು ಎಷ್ಟು ನಿಷ್ಠೆಯಿಂದ ಅನುಸರಿಸಿದರೆಂಬುದರ ಮೇಲೆ ನಿಲ್ಲುತ್ತದೆ, ಯೂನಿಟ್ಟಿಗೆ ಗರಿಷ್ಠ 50 ಪೈಸೆಯವರೆಗೆ. ಏರಿದ್ದಕ್ಕೂ ಉಂಟು, ಇಳಿದದ್ದಕ್ಕೂ ಉಂಟು. ಇದು ಯೂನಿಟ್ಟಿನ ಬೆಲೆಯಲ್ಲ, ವಿಧೇಯತೆಯ ಬೆಲೆ.

ಮೂರನೆಯ ದರ್ಜೆಯನ್ನು ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಹರಾಜಿನಂತೆ ಕೊಳ್ಳುವ ಪದ್ಧತಿ 2023ರ ಜೂನಿನಲ್ಲಿ ಮೊದಲಾಯಿತು. ಹರಾಜಿನಲ್ಲಿ ಆಯ್ಕೆಯಾಗಿಯೂ ಕರೆ ಬರದೆ ಸುಮ್ಮನೆ ಕಾದವನಿಗೆ ಗೊತ್ತಾದ ಬೆಲೆಯ ಹತ್ತನೆಯ ಒಂದು ಪಾಲು, ಅದೂ ಯೂನಿಟ್ಟಿಗೆ 20 ಪೈಸೆ ಮೀರದಂತೆ, ದೊರೆಯುತ್ತದೆ. ಇದೇ ನೀರಗಂಟಿಯ ಆಯ. ತತ್ತ್ವ ಸರಿ, ಮೊತ್ತದ ಬಗೆಗೆ ನಮಗೆ ಸಂದೇಹವುಂಟು. ಬೇಸಗೆಯ ಸಂಜೆ ಇದೇ ಯೂನಿಟ್ಟು ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಯ ಸಮೀಪಕ್ಕೆ ಹೋಗಬಹುದಾಗಿರುವಾಗ, 20 ಪೈಸೆಗಾಗಿ ಕಾದು ಕುಳಿತುಕೊಳ್ಳುವವರು ಎಷ್ಟು ಮಂದಿ? ಅಮೆರಿಕದ ಕೆಲವು ಮಾರುಕಟ್ಟೆಗಳಲ್ಲಿ ವಿದ್ಯುತ್ತು ಮತ್ತು ಮೀಸಲು ಎರಡನ್ನೂ ಒಂದೇ ಲೆಕ್ಕದಲ್ಲಿ ಒಟ್ಟಿಗೆ ಕೊಳ್ಳುತ್ತಾರೆ. ಅಲ್ಲಿ ಯಂತ್ರವು ಮಾರುವುದರಿಂದ ಎಷ್ಟು ಲಾಭ ಪಡೆಯುತ್ತಿತ್ತೋ ಅಷ್ಟನ್ನು ಕಾಯುವುದರಿಂದಲೂ ಪಡೆಯುವಂತೆ ಮೀಸಲಿನ ಬೆಲೆ ತಾನಾಗಿ ಏರುತ್ತದೆ. ಲೆಕ್ಕ ತೊಡಕಿನದು, ಆದರೆ ಕಾಯುವವನಿಗೆ ನಷ್ಟವಿಲ್ಲ.

ಇನ್ನು, ಎಷ್ಟನ್ನು ಕಾದಿಡಬೇಕು? ಇದಕ್ಕೆ ಎಲ್ಲೆಡೆಯೂ ಬಳಸುವ ಸೂತ್ರವೆಂದರೆ, ಒಮ್ಮೆಗೇ ತಪ್ಪಬಹುದಾದ ಅತಿ ದೊಡ್ಡ ಒಂದು ಆಸರೆಯಷ್ಟು. ಸೂತ್ರದ ಇಕ್ಕಟ್ಟನ್ನು ತಿಳಿಯಲು ಇಂಗ್ಲೆಂಡಿನ ಒಂದು ಸಂಜೆಯನ್ನು ನೋಡಬೇಕು. 2019ರ ಆಗಸ್ಟ್ 9ರಂದು 4 ಗಂಟೆ 52 ನಿಮಿಷಕ್ಕೆ ಲಂಡನ್ನಿನ ಉತ್ತರಕ್ಕೆ ಮಾರ್ಗವೊಂದಕ್ಕೆ ಸಿಡಿಲು ಬಡಿಯಿತು. ಅಂಥದು ಅಲ್ಲಿ ಅಪರೂಪವಲ್ಲ. ಮಾರ್ಗ ಕ್ಷಣಮಾತ್ರದಲ್ಲಿ ಸರಿಹೋಯಿತು. ಆದರೆ ಅದೇ ಗಳಿಗೆಯಲ್ಲಿ ಸಮುದ್ರದಲ್ಲಿದ್ದ ಹಾರ್ನ್‌ಸೀ ಗಾಳಿಯಂತ್ರಗಳ 737 ಮೆಗಾವಾಟ್, ಲಿಟ್ಲ್ ಬಾರ್‌ಫರ್ಡ್ ಅನಿಲ ಸ್ಥಾವರದ 244 ಮೆಗಾವಾಟ್, ಜೊತೆಗೆ ಊರೂರುಗಳಲ್ಲಿ ಚದುರಿದ್ದ ಅನೇಕ ಸಣ್ಣ ಉತ್ಪಾದಕಗಳು ಕಳಚಿಕೊಂಡವು. ಕಾದಿಟ್ಟಿದ್ದುದು ಸುಮಾರು 1,000 ಮೆಗಾವಾಟ್. ಒಟ್ಟಿನಲ್ಲಿ ಹೋದುದು ಅದಕ್ಕೆ ಎರಡರಷ್ಟರ ಸಮೀಪ. ಆವೃತ್ತಿ 48.8ಕ್ಕೆ ಇಳಿದು ರಿಲೇಗಳು 11 ಲಕ್ಷ ಗ್ರಾಹಕರನ್ನು ಕತ್ತರಿಸಿದವು. ಐದೇ ನಿಮಿಷದಲ್ಲಿ ಆವೃತ್ತಿ 50ಕ್ಕೆ ಮರಳಿತು, ಒಂದು ಗಂಟೆಯೊಳಗೆ ಎಲ್ಲರ ಮನೆಗೂ ವಿದ್ಯುತ್ತು ಬಂದಿತು. ಅಷ್ಟರಲ್ಲಿ ತಂತ್ರಜ್ಞರು ಹೋಗಿ ಮತ್ತೆ ಚಾಲೂ ಮಾಡದ ಹೊರತು ಕದಲದಂತಹ ಹೊಸ ಮಾದರಿಯ ರೈಲುಗಳು ಹಳಿಗಳ ಮೇಲೆ ನಿಂತು, ಶುಕ್ರವಾರದ ಸಂಜೆಯ ಜನ ತಾಸುಗಟ್ಟಲೆ ಪಾಡುಪಟ್ಟರು. ನಮ್ಮಲ್ಲಿ 2023ರ ಗ್ರಿಡ್ ಸಂಹಿತೆಯು ಮೊದಲನೆಯ ದರ್ಜೆಯನ್ನು 4,500 ಮೆಗಾವಾಟಿನ ನಷ್ಟಕ್ಕೆ ಸರಿಯಾಗಿ ಗೊತ್ತುಪಡಿಸಿದೆ. 45 ಸೆಕೆಂಡಿನಲ್ಲಿ ಪೂರ್ತಿ ಬರಬೇಕು, 5 ನಿಮಿಷ ನಿಲ್ಲಬೇಕು. ಎರಡು ಆಪತ್ತು ಕೂಡಿ ಬಂದರೇನು ಎಂಬ ಪ್ರಶ್ನೆ ಇಲ್ಲಿಯೂ ಉಳಿದೇ ಇದೆ. ಎಲ್ಲಕ್ಕೂ ಸಾಲುವಷ್ಟು ಕಾದಿಟ್ಟರೆ ಆ ವೆಚ್ಚವೆಲ್ಲ ನಮ್ಮ ನಿಮ್ಮ ಬಿಲ್ಲಿಗೇ ಬರುವುದು.

ಮೀಸಲೆಂದರೆ ಏರುವ ಶಕ್ತಿಯೊಂದೇ ಅಲ್ಲ, ಇಳಿಯುವ ಶಕ್ತಿಯೂ ಹೌದು. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಬೇಕೆಂಬ ಕರೆ ಬಂದುದು ವಾಚಕರ ನೆನಪಿನಲ್ಲಿರಬಹುದು. 12ರಿಂದ 14 ಸಾವಿರ ಮೆಗಾವಾಟ್ ಬೇಡಿಕೆ ಕುಸಿಯಬಹುದೆಂದು ಜಾಲದ ನಿರ್ವಾಹಕರು ಅಂದಾಜು ಮಾಡಿದ್ದರು. ಕುಸಿದುದು 31,089 ಮೆಗಾವಾಟ್! ಆ ರಾತ್ರಿ ಜಾಲವನ್ನು ಉಳಿಸಿದುದು ಮುಖ್ಯವಾಗಿ ನೀರು. ಮುಂಚಿತವಾಗಿಯೇ ಏರಿಸಿಟ್ಟುಕೊಂಡಿದ್ದ ಜಲವಿದ್ಯುತ್ ಕೇಂದ್ರಗಳು ಸುಮಾರು 25 ನಿಮಿಷಗಳಲ್ಲಿ 25,559 ಮೆಗಾವಾಟಿನಿಂದ 8,016ಕ್ಕೆ ಇಳಿದು, ದೀಪಗಳು ಮರಳಿದಂತೆ ಮತ್ತೆ ಏರಿದವು. ಆವೃತ್ತಿಯು 49.70ರಿಂದ 50.26ರೊಳಗೇ ಉಳಿಯಿತು. ಅಂದು ಬಾಗಿಲಲ್ಲಿ ಹಣತೆ ಹಿಡಿದು ನಿಂತಿದ್ದ ನಮಗೆ ಇದಾವುದೂ ಗೊತ್ತಿರಲಿಲ್ಲ.

ಅಂದಿನದು ಗೊತ್ತುಮಾಡಿದ ಮುಹೂರ್ತ, ಸಿದ್ಧತೆಗೆ ಎರಡು ದಿನವಿದ್ದಿತು. ಈಗ ಅದರ ಚಿಕ್ಕ ರೂಪವೊಂದು ಪ್ರತಿ ಸಂಜೆಯೂ ನಡೆಯುತ್ತದೆ. ಪಾವಗಡದ ಸೌರಕ್ಷೇತ್ರವೊಂದರ ಸಾಮರ್ಥ್ಯವೇ 2,050 ಮೆಗಾವಾಟ್. ಮೋಡ ಬಂದರೆ ನಿಮಿಷಗಳಲ್ಲಿ, ಹೊತ್ತು ಮುಳುಗಿದರೆ ಗಂಟೆಯೆರಡು ಗಂಟೆಗಳಲ್ಲಿ, ಇಂಥ ಕ್ಷೇತ್ರಗಳ ಉತ್ಪಾದನೆ ಬತ್ತುತ್ತದೆ. ಮೇಲಾಗಿ ಸೌರಫಲಕದಲ್ಲಿ ತಿರುಗುವ ಉಕ್ಕಿನ ರಾಶಿಯಿಲ್ಲ; ನಾವು ಮೇಲೆ ಲೆಕ್ಕ ಹಾಕಿದ ನಾಲ್ಕು ಸೆಕೆಂಡಿನ ಶಕ್ತಿಯೂ ಅದರಲ್ಲಿಲ್ಲ. ಅಂಥ ಉತ್ಪಾದನೆಯ ಪಾಲು ಹೆಚ್ಚಿದಂತೆ ಆವೃತ್ತಿ ಇಳಿಯುವ ರಭಸವೂ ಹೆಚ್ಚುತ್ತದೆ. ಬ್ಯಾಟರಿಗಳು ಒಂದು ಸೆಕೆಂಡಿಗೂ ಮೊದಲೇ ಓಗೊಡಬಲ್ಲವಾದರೂ, 2022ರ ನಿಯಮಗಳು ಬೆಲೆ ಕಟ್ಟಿರುವುದು ಎರಡನೆಯ ಮತ್ತು ಮೂರನೆಯ ದರ್ಜೆಗಳಿಗೆ ಮಾತ್ರ. ಎಲ್ಲಕ್ಕಿಂತ ಮೊದಲು ಓಡಿ ಬರಬೇಕಾದ ಗವರ್ನರಿನ ಸೇವೆಯು ದೊಡ್ಡ ಉಷ್ಣ ಮತ್ತು ಜಲ ಘಟಕಗಳ ಮೇಲೆ ಹೊರಿಸಿದ ಕರ್ತವ್ಯವಾಗಿ, ಸಂಬಳವಿಲ್ಲದೆ ಉಳಿದಿದೆ. ಕರ್ತವ್ಯವೆಂದು ಬರೆದಿಟ್ಟುದು 2012ಕ್ಕೆ ಮುಂಚೆಯೂ ಇದ್ದಿತು. ಆ ಜುಲೈಯ ಎರಡು ದಿನಗಳಲ್ಲಿ ಗವರ್ನರುಗಳಿಂದ ಬರಬೇಕಾಗಿದ್ದ ನೆರವು ಬರಲಿಲ್ಲವೆಂಬುದು ಆ ವರದಿಯ ದೂರುಗಳಲ್ಲೊಂದು.